ಕುದುರೆಮುಖದ ಕಲ್ಲಿನ ಕಥೆ ತಿಳ್ಕೊಳ್ಳೋಕೆ ಎಲ್ಲಿಂದ ಶುರು ಮಾಡ್ಬೇಕು

ಕುದುರೆಮುಖಕ್ಕೆ ಹೋಗ್ಬಂದೋರನ್ನ ಏನೇನ್ ನೋಡಿದ್ರಿ ಅಂತ ಕೇಳಿ, ಶೋಲಾ ಕಾಡು, ಹುಲ್ಲುಗುಡ್ಡ, ಮಂಜು, ಅದೃಷ್ಟ ಇದ್ರೆ ಒಂದು ಕಾಟಿ ಅಂತಾರೆ. ಅಷ್ಟು ಹೊತ್ತು ಯಾವ ಕಲ್ಲಿನ ಮೇಲೆ ನಡೆದ್ರಿ ಅಂದ್ರೆ ಉತ್ತರ ಇರಲ್ಲ. ಆ ಗುಡ್ಡಗಳ ಕಲ್ಲು ಹೆಚ್ಚೂಕಮ್ಮಿ 270ರಿಂದ 290 ಕೋಟಿ ವರ್ಷದಷ್ಟು ಹಳೇದು, ಗಾಳಿಯಲ್ಲಿ ಉಸಿರಾಡೋಕೆ ಆಕ್ಸಿಜನ್ನೇ ಇಲ್ಲದಿದ್ದ ಕಾಲದ್ದು, ಅದನ್ನ ನೋಡದೆ ವಾಪಸ್ ಬರೋದು ನನಗಂತೂ ದೊಡ್ಡ ನಷ್ಟ ಅನ್ಸುತ್ತೆ.

ಇಲ್ಲಿ ನಾನು ಹೇಳ್ತಿರೋದು ಒಂದು ಕ್ರಮ. ಕುದುರೆಮುಖ ನ್ಯಾಷನಲ್ ಪಾರ್ಕಿನ ಭೂವಿಜ್ಞಾನ ಕಲಿಯೋಕೆ ನೇರ ಪಾರ್ಕಿಗೇ ಹೋಗ್ಬೇಡಿ, ಮೊದಲು ಹೊರಗಡೆ ನಾಲ್ಕೈದು ಕಲ್ಲು ಚೆನ್ನಾಗಿ ಪರಿಚಯ ಮಾಡ್ಕೊಳಿ, ಆಮೇಲೆ ಒಳಗೆ ಹೋಗಿ. ಯಾಕೆ ಅಂದ್ರೆ ಪಾರ್ಕ್ ಒಳಗೆ ಸುತ್ತಿಗೆ ಮುಟ್ಟೋ ಹಾಗಿಲ್ಲ, ಕಲ್ಲು ಎತ್ಕೊಂಡು ಬರೋ ಹಾಗಿಲ್ಲ, ಎಲ್ಲೆಂದ್ರಲ್ಲಿ ಗಾಡಿ ನಿಲ್ಲಿಸೋ ಹಾಗಿಲ್ಲ, ಜೊತೆಗೆ ಮುಕ್ಕಾಲು ಜಾಗ ಹುಲ್ಲು ಮಣ್ಣು ಮುಚ್ಕೊಂಡಿರುತ್ತೆ. ಅಲ್ಲಿ ಕಲ್ಲು ಕಾಣೋದು ಕಣ್ಣಳತೆಯಲ್ಲಿ, ಸ್ವಲ್ಪ ಹೊತ್ತು ಮಾತ್ರ. ಗುರುತು ಮೊದಲೇ ಗೊತ್ತಿದ್ರೆ ಆ ಸ್ವಲ್ಪ ಹೊತ್ತು ಸಾಕಾಗುತ್ತೆ. ನಮ್ಮ ಹಾಸನ ಚಿಕ್ಕಮಗಳೂರಿನೋರಿಗೆ ಇದು ಸುಲಭ, ಬೇಕಾದ ಕಲ್ಲೆಲ್ಲಾ ದಾರೀಲೇ ಇದೆ.

ಮೊದಲನೇ ಹಂತ: ಮನೇಲಿ ಕೂತು ಮ್ಯಾಪ್ ನೋಡೋದು

ಜಿಯಾಲಜಿಕಲ್ ಸರ್ವೆ ಆಫ್ ಇಂಡಿಯಾದವರ ಭೂಕೋಶ್ ಅನ್ನೋ ವೆಬ್‌ಸೈಟ್ ಇದೆ, ಅದರಲ್ಲಿ ದೇಶದ ಭೂವೈಜ್ಞಾನಿಕ ನಕ್ಷೆ ಸಿಗುತ್ತೆ. ಚಿಕ್ಕಮಗಳೂರು, ಬಾಬಾಬುಡನ್‌ಗಿರಿ, ಕುದುರೆಮುಖ ಮೂರೂ 48ಓ ಅನ್ನೋ ಶೀಟಲ್ಲಿ ಬರುತ್ತೆ, ಹಾಸನ 57ರ ಶೀಟಲ್ಲಿ. ಮೊದಲ ಸಲ ತೆಗೆದಾಗ ಬಣ್ಣ ಬಣ್ಣದ ಪಟ್ಟೆ ನೋಡಿ ತಲೆ ಕೆಡುತ್ತೆ, ಎಲ್ಲಾ ಅರ್ಥ ಮಾಡ್ಕೊಳ್ಳೋಕೆ ಹೋಗ್ಬೇಡಿ. ನಿಮ್ಮ ಊರು ಹುಡುಕಿ, ಅದು ಯಾವ ಬಣ್ಣದ ಮೇಲಿದೆ ನೋಡಿ, ಆಮೇಲೆ ಕುದುರೆಮುಖ ಯಾವ ಬಣ್ಣದಲ್ಲಿದೆ ನೋಡಿ. ಇಷ್ಟೇ ಮೊದಲ ದಿನದ ಕೆಲಸ.

ಎರಡು ಹೆಸರು ಮಾತ್ರ ನೆನಪಿಟ್ಕೊಳಿ. ಒಂದು ಪೆನಿನ್ಸುಲಾರ್ ನೈಸ್, ಪಟ್ಟೆ ಪಟ್ಟೆಯಾಗಿರೋ ಗಟ್ಟಿ ಕಲ್ಲು, ಇದು ತಳಪಾಯ, ಹಾಸನ ಜಿಲ್ಲೆಯ ಬಯಲು ಪೂರ್ತಿ ಹೆಚ್ಚಾಗಿ ಇದೇ. ಇನ್ನೊಂದು ಬಾಬಾಬುಡನ್ ಗ್ರೂಪ್, ತಳಪಾಯದ ಮೇಲೆ ಕೂತಿರೋ ಲಾವಾ, ಮರಳು, ಕಬ್ಬಿಣದ ಪದರಗಳು, ಇದು ಧಾರವಾಡ ಕಲ್ಲುಗಳ ಸಾಲಿನಲ್ಲಿ ಕೆಳಗಿನದು. ಧಾರವಾಡ ಅನ್ನೋ ಹೆಸರನ್ನ ಈ ಕಲ್ಲಿಗೆ ಕೊಟ್ಟಿದ್ದು ರಾಬರ್ಟ್ ಬ್ರೂಸ್ ಫೂಟ್, 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಶುರುವಾದಾಗ ಅದರ ಮೊದಲ ಮುಖ್ಯಸ್ಥರೂ ಅವರೇ.

ಬಾಬಾಬುಡನ್ ಗ್ರೂಪಿನ ಒಳಗಿನ ಪದರಗಳ ಹೆಸರು ನೋಡಿ: ಕಳಸಾಪುರ, ಅಲ್ಲಂಪುರ, ಸಂತವೇರಿ, ಮುಳ್ಳಯ್ಯನಗಿರಿ. ಎಲ್ಲಾ ನಮ್ಮ ಬಸ್ಸಿನ ಬೋರ್ಡಲ್ಲಿ ಇರೋ ಊರುಗಳು! ಪ್ರಪಂಚದ ಯಾವ ಮೂಲೆಯ ಭೂವಿಜ್ಞಾನಿ ಈ ಕಲ್ಲಿನ ಬಗ್ಗೆ ಪೇಪರ್ ಬರೆದ್ರೂ ಈ ಹೆಸರುಗಳನ್ನ ಬರೀಲೇಬೇಕು. ಇದು ನಮ್ಮ ಜಿಲ್ಲೆಯ ಸ್ಕೂಲ್ ಮಕ್ಕಳಿಗೆ ಗೊತ್ತಿರಬೇಕಾದ ವಿಷಯ ಅಂತ ನನ್ನ ಗಟ್ಟಿ ಅಭಿಪ್ರಾಯ.

ಇಂಗ್ಲಿಷ್ ಲೇಖನ ಓದೋವಾಗ ವಯಸ್ಸಿನ ಲೆಕ್ಕ ಗೊಂದಲ ಆಗುತ್ತೆ. ಜಿಎ ಅಂತಿದ್ರೆ 100 ಕೋಟಿ ವರ್ಷ, ಎಂಎ ಅಂತಿದ್ರೆ 10 ಲಕ್ಷ ವರ್ಷ. 2.9 ಜಿಎ ಅಂದ್ರೆ 290 ಕೋಟಿ, 88 ಎಂಎ ಅಂದ್ರೆ 8.8 ಕೋಟಿ.

ಎರಡನೇ ಹಂತ: ಬ್ಯಾಗಿಗೆ ಏನ್ ಹಾಕ್ಕೋಬೇಕು

10ಎಕ್ಸ್ ಲೆನ್ಸ್ ಒಂದು, ಒಡವೆ ಅಂಗಡಿಯೋರು ಕಣ್ಣಿಗೆ ಇಟ್ಕೊಂಡು ನೋಡ್ತಾರಲ್ಲ ಅಂಥದ್ದು. ಹಳೇ ಸ್ಪೀಕರಿಂದ ತೆಗೆದ ಆಯಸ್ಕಾಂತದ ಚೂರು, ದಾರ ಕಟ್ಟಿದ್ರೆ ಇನ್ನೂ ಒಳ್ಳೇದು. ಕಬ್ಬಿಣದ ಮೊಳೆ. ಬಚ್ಚಲಿನ ಒಡೆದ ಟೈಲ್ ಒಂದು ತುಂಡು, ನುಣುಪಿಲ್ಲದ ಹಿಂಬದಿ ಬೇಕು. ನೀರಿನ ಬಾಟ್ಲಿ, ಕುಡಿಯೋಕೂ ಆಯ್ತು, ಕಲ್ಲು ಒದ್ದೆ ಮಾಡೋಕೂ ಆಯ್ತು, ಒಣಗಿದ ಕಲ್ಲಲ್ಲಿ ಕಾಣದ ಪಟ್ಟೆ ಒದ್ದೆ ಮಾಡಿದ ತಕ್ಷಣ ಎದ್ದು ಕಾಣುತ್ತೆ. ಪೆನ್ಸಿಲ್, ನೋಟ್ ಬುಕ್. ಫೋನ್ ಹೇಗೂ ಇರುತ್ತೆ.

ಮೊಳೆ ಯಾಕೆ ಅಂದ್ರೆ, ಬೆಣಚುಕಲ್ಲಿನ ಮೇಲೆ ಮೊಳೆ ಎಳೆದ್ರೆ ಗೀರು ಬೀಳಲ್ಲ, ಮೊಳೆಯ ಕಬ್ಬಿಣವೇ ಸವೆದು ಬೂದು ಗೆರೆ ಕೂರುತ್ತೆ. ಬಳಪದ ಕಲ್ಲಾದ್ರೆ ಉಗುರಲ್ಲೇ ಗೀರಬಹುದು. ಇದೊಂದರಲ್ಲೇ ಅರ್ಧ ಕಲ್ಲು ಗೊತ್ತಾಗುತ್ತೆ. ಈ ಪರೀಕ್ಷೆಗಳೆಲ್ಲಾ ಪಾರ್ಕ್ ಹೊರಗೆ, ರಸ್ತೆ ಬದಿ ಉದುರಿಬಿದ್ದ ಚೂರಿನ ಮೇಲೆ ಮಾತ್ರ.

ಮೂರನೇ ಹಂತ: ಹಾಸನದ ಬಯಲಲ್ಲಿ ತಳಪಾಯ

ಶ್ರವಣಬೆಳಗೊಳದ ದೊಡ್ಡಬೆಟ್ಟ ಹತ್ತೋವಾಗ ಮೆಟ್ಟಿಲು ಬಿಟ್ಟು ಪಕ್ಕದ ಬಂಡೆ ನೋಡಿ. ಗ್ರಾನೈಟ್ ಜಾತಿಯ ಬಂಡೆ, ಈರುಳ್ಳಿ ಸಿಪ್ಪೆ ಥರ ಪದರ ಪದರವಾಗಿ ಮೇಲ್ಭಾಗ ಬಿಟ್ಕೊಂಡಿರುತ್ತೆ, ಅದಕ್ಕೇ ಬೆಟ್ಟ ಗುಂಡಗಾಗಿರೋದು. ಬಿರುಕು ಕಡಿಮೆ ಇರೋ ಗಟ್ಟಿ ಬಂಡೆ ಆಗಿದ್ದಕ್ಕೇ 981ರ ಹೊತ್ತಿಗೆ ಅಷ್ಟೆತ್ತರದ ಗೊಮ್ಮಟನನ್ನ ಒಂದೇ ಕಲ್ಲಲ್ಲಿ ಕಡೆಯೋಕೆ ಆಗಿದ್ದು.

ನೈಸ್ ನೋಡೋಕೆ ಯಾವುದಾದ್ರೂ ಕಲ್ಲು ಕ್ವಾರಿ ಸಾಕು, ಒಳಗೆ ಹೋಗೋ ಮುಂಚೆ ಅಲ್ಲಿನವರನ್ನ ಕೇಳಿ, ಬ್ಲಾಸ್ಟಿಂಗ್ ಟೈಮ್ ತಿಳ್ಕೊಂಡೇ ಹೋಗಿ. ಹೊಸದಾಗಿ ಸೀಳಿದ ಮುಖದಲ್ಲಿ ಬಿಳಿ ಕಪ್ಪು ಪಟ್ಟೆ ಕಾಣುತ್ತೆ. ಬಿಳಿದು ಬೆಣಚು ಮತ್ತು ಫೆಲ್ಡ್‌ಸ್ಪಾರ್, ಕಪ್ಪಲ್ಲಿ ಮಿಣಮಿಣ ಅನ್ನೋದು ಕಾಗೆಬಂಗಾರ. ಭೂಮಿಯ ಆಳದ ಬಿಸಿಗೆ ಒತ್ತಡಕ್ಕೆ ಕಲ್ಲು ಮೆತ್ತಗಾಗಿ ಎಳೆದಂತಾಗಿ ಈ ಪಟ್ಟೆ ಬಂದಿರೋದು. ಅಲ್ಲಲ್ಲಿ ಈ ಪಟ್ಟೆಗಳನ್ನ ಅಡ್ಡ ಕತ್ತರಿಸ್ಕೊಂಡು ಕಪ್ಪು ಗೋಡೆ ಥರ ಒಂದು ಕಲ್ಲು ಹೋಗಿರುತ್ತೆ, ಅದು ಡೈಕ್, ಬಿರುಕಲ್ಲಿ ಕರಗಿದ ಕಲ್ಲು ನುಗ್ಗಿ ಗಟ್ಟಿಯಾಗಿದ್ದು, ಕತ್ತರಿಸಿದ್ದು ಯಾವಾಗಲೂ ಕತ್ತರಿಸಿಕೊಂಡಿದ್ದಕ್ಕಿಂತ ಹೊಸದು. ಈ ಒಂದು ನಿಯಮ ಗೊತ್ತಿದ್ರೆ ಮಷೀನ್ ಇಲ್ಲದೇನೇ ಯಾವ ಕಲ್ಲು ಮೊದಲು ಯಾವುದು ಆಮೇಲೆ ಅಂತ ಹೇಳಬಹುದು. ಗೊರೂರು ಕಡೆಯ ನೈಸ್ ಸುಮಾರು 330 ಕೋಟಿ ವರ್ಷದ್ದು ಅಂತ ಅಳೆದಿದ್ದಾರೆ, ಹೇಮಾವತಿ ಡ್ಯಾಮ್ ನೋಡೋಕೆ ಹೋಗೋರು ಆ ಊರಿನ ಬಂಡೆಗೂ ಐದು ನಿಮಿಷ ಕೊಡಿ.

ಹಳೇಬೀಡು ಬೇಲೂರಿನ ಕಲ್ಲು ಬೇರೆ, ಅದು ಬಳಪದ ಕಲ್ಲಿನ ಜಾತಿ, ಕ್ಲೋರೈಟ್ ಟಾಲ್ಕ್ ತುಂಬಿರೋ ಶಿಸ್ಟ್. ಕಡೆಯೋಕೆ ಮೆತ್ತಗೆ, ಹಾಗಾಗಿ ಆ ಮಟ್ಟದ ಕುಸುರಿ. ದೇವಸ್ಥಾನದಲ್ಲಿ ಕೈಯಲ್ಲೂ ಮೊಳೆಯಲ್ಲೂ ಏನೂ ಪರೀಕ್ಷೆ ಮಾಡ್ಬೇಡಿ, ಹತ್ತಿರ ಶಿಲ್ಪ ಕೆತ್ತೋ ಶೆಡ್ ಇದ್ರೆ ಕೇಳಿ, ಕೆಳಗೆ ಬಿದ್ದಿರೋ ಚಕ್ಕೆ ಒಂದು ಕೊಡ್ತಾರೆ. ಕೈಯಲ್ಲಿ ಉಜ್ಜಿದ್ರೆ ಸೋಪಿನ ಜಾರು.

ನಾಲ್ಕನೇ ಹಂತ: ಗಿರಿಯನ್ನ ಕೆಳಗಿಂದ ಮೇಲಕ್ಕೆ ನೋಡೋದು

ಗಿರಿ ಅಂದ್ರೆ ಇಲ್ಲಿ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿ ಇರೋ ಬೆಟ್ಟದ ಸಾಲು. ನನ್ನ ಪ್ರಕಾರ ಇಡೀ ಕಲಿಕೆಯಲ್ಲಿ ಇದೇ ಮುಖ್ಯ, ಇದಕ್ಕೆ ಒಂದು ಪೂರ್ತಿ ದಿನ ಇಡಿ. ಜನ ಮುಳ್ಳಯ್ಯನಗಿರಿಗೆ ಹೋಗೋದು ತುದಿ ನೋಡೋಕೆ, ನೀವು ಹೋಗ್ಬೇಕಾದ್ದು ತಳ ನೋಡೋಕೆ. ಚಿಕ್ಕಮಗಳೂರು ಊರಿನ ಸುತ್ತಮುತ್ತ ಇರೋದು 300 ಕೋಟಿ ವರ್ಷಕ್ಕೂ ಹಳೇ ಗ್ರಾನೈಟ್ ಜಾತಿಯ ಕಲ್ಲು, ಗಿರಿಯ ಪದರಗಳು ಇದರ ಮೇಲೆ ಕೂತಿರೋದು. ಎರಡೂ ಸೇರೋ ಜಾಗದಲ್ಲಿ, ಕರ್ತಿಕೆರೆ ಕಡೆ, ಒಂದು ವಿಶೇಷವಾದ ಕಲ್ಲಿದೆ: ಬೆಣಚಿನ ಉರುಟು ಹರಳುಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗಿರೋದು, ಇದನ್ನ ಕಾಂಗ್ಲಾಮರೇಟ್ ಅಂತಾರೆ.

ಇದರ ಹತ್ತಿರ ನಿಧಾನ ಮಾಡಿ. ನೀರು ಚಿಮುಕಿಸಿ, ಲೆನ್ಸ್ ಕಣ್ಣಿಗೆ ತೀರಾ ಹತ್ತಿರ ಹಿಡಿದು, ಕಲ್ಲು ಫೋಕಸ್ ಆಗೋವರೆಗೆ ತಲೆ ಮುಂದೆ ತನ್ನಿ. ಹರಳುಗಳ ಅಂಚು ಚೂಪಿಲ್ಲ, ಸವೆದು ಗುಂಡಗಾಗಿದೆ, ಅಂದ್ರೆ ಇದು ಹರಿಯೋ ನೀರಲ್ಲಿ ಉರುಳಿ ಬಂದಿದ್ದು, ಒಂದು ಕಾಲದ ಹೊಳೆಯ ಪಾತ್ರ. ಹರಳುಗಳ ಮಧ್ಯೆ ಇರೋ ಮರಳಿನಲ್ಲಿ ತುಕ್ಕಿನ ಬಣ್ಣದ ಸಣ್ಣ ಗುಳಿಗಳು ಕಂಡ್ರೆ ಅಲ್ಲಿ ಪೈರೈಟ್, ಅಂದ್ರೆ ಕಬ್ಬಿಣ ಗಂಧಕ ಸೇರಿದ ಖನಿಜ, ಇದ್ದಿರಬಹುದು. ಈ ಪದರದಲ್ಲಿ ಪೈರೈಟ್ ಕಾಳುಗಳೂ ಯುರೇನಿಯಂ ಇರೋ ಖನಿಜವೂ ಮರಳಿನ ಜೊತೆ ಉರುಳಿ ಬಂದು ಕೂತಿದೆ ಅಂತ ಭೂವಿಜ್ಞಾನಿಗಳು ತೋರಿಸಿದ್ದಾರೆ. ಇವತ್ತು ಪೈರೈಟನ್ನ ಹೊಳೆಗೆ ಹಾಕಿದ್ರೆ ದೂರ ಹೋಗೋಷ್ಟರಲ್ಲಿ ತುಕ್ಕು ಹಿಡಿದು ಕರಗಿಹೋಗುತ್ತೆ, ಗಾಳೀಲಿ ಆಕ್ಸಿಜನ್ ಇದೆಯಲ್ಲ. ಆಗ ಹಾಗಾಗಿಲ್ಲ ಅಂದ್ರೆ ಆಗಿನ ಗಾಳೀಲಿ ಆಕ್ಸಿಜನ್ ಇರಲಿಲ್ಲ. ಕಾಫಿ ತೋಟದ ಬೇಲಿ ಪಕ್ಕ ಇರೋ ಒಂದು ಬಂಡೆ ಆಗಿನ ವಾತಾವರಣ ಹೇಗಿತ್ತು ಅಂತ ಹೇಳುತ್ತೆ, ನನಗೆ ಇದಕ್ಕಿಂತ ದೊಡ್ಡ ಆಶ್ಚರ್ಯ ಇಲ್ಲ.

ತೋಟ ಅಂದ ಮೇಲೆ ಇದೂ ಗೊತ್ತಿರಲಿ, ಬೇಲಿ ದಾಟೋ ಮುಂಚೆ ತೋಟದ ರೈಟ್ರನ್ನ, ಅಂದ್ರೆ ತೋಟದ ಲೆಕ್ಕ ಕೆಲಸ ನೋಡ್ಕೊಳ್ಳೋರನ್ನ, ಕೇಳಿ. "ರೈಟ್ರೇ, ಕಲ್ಲು ನೋಡೋಕ್ ಬಂದಿದ್ದೀವಿ, ಒಡೆಯಲ್ಲ, ಫೋಟೋ ತಗೊಂಡು ಹೋಗ್ತೀವಿ" ಅಂದ್ರೆ ಬಹಳಷ್ಟು ಜನ ಬಿಡ್ತಾರೆ, ಕೆಲವರು ಜೊತೇಲೇ ಬಂದು "ಅಲ್ ಬೋರ್ ಕೊರೆದಾಗ ಹಸ್ರು ಪುಡಿ ಬಂತು ನೋಡಿ" ಅಂತ ತೋರಿಸ್ತಾರೆ. ಬೋರ್‌ವೆಲ್ ಪುಡಿ ನಿಜವಾಗ್ಲೂ ಒಳ್ಳೇ ಪಾಠ, ನೆಲದಡಿ ಯಾವ ಆಳದಲ್ಲಿ ಯಾವ ಬಣ್ಣದ ಕಲ್ಲು ಅಂತ ಗುಡ್ಡೆ ಗುಡ್ಡೆಯಾಗಿ ಬಿದ್ದಿರುತ್ತೆ. ಬಿಳಿ ಬೂದು ಪುಡಿ ಆದ್ರೆ ತಳದ ಗ್ರಾನೈಟ್ ನೈಸ್ ಇರಬಹುದು, ಕಡು ಹಸಿರು ಆದ್ರೆ ಹಳೇ ಲಾವಾ ಇರಬಹುದು.

ಆ ಹಸಿರು ಲಾವಾ ಮುಂದಿನ ಕಲ್ಲು. ಅಲ್ಲಂಪುರ ದಾಟಿ ಕೈಮರ ಚೆಕ್‌ಪೋಸ್ಟಿಂದ ಮೇಲೆ ಹತ್ತೋವಾಗ ರಸ್ತೆ ಕಡಿದ ಕಡೆ ಕಪ್ಪು ಹಸಿರು ಬಣ್ಣದ ಕಲ್ಲು ಹುಡುಕಿ. ಹೊರಗೆ ಕೆಂಪು ಮಣ್ಣಾಗಿ ಕೊಳೆತಿರುತ್ತೆ, ಒಳಗೆ ಗಟ್ಟಿ. ಕೆಲವು ಕಡೆ ಬಾದಾಮಿ ಆಕಾರದ ಬಿಳಿ ಚುಕ್ಕಿ ಇರುತ್ತೆ, ಲಾವಾ ಆರೋವಾಗ ಒಳಗೆ ಸಿಕ್ಕಿಕೊಂಡ ಗ್ಯಾಸಿನ ಗುಳ್ಳೆಗಳು ಅವು, ಆಮೇಲೆ ಬೆಣಚೋ ಬೇರೆ ಖನಿಜವೋ ತುಂಬ್ಕೊಂಡಿದೆ. ಲಾವಾ ಪದರಗಳ ಮಧ್ಯೆ ಮಧ್ಯೆ ಬಿಳಿಚಿಕೊಂಡ ಕ್ವಾರ್ಟ್‌ಜೈಟ್ ಬರುತ್ತೆ, ಅಂದ್ರೆ ಮರಳುಗಲ್ಲು ಕಾದು ಒತ್ತಿ ಗಟ್ಟಿಯಾಗಿದ್ದು. ಅದರಲ್ಲಿ ಓರೆ ಗೆರೆಗಳೋ ಅಲೆಯ ಗುರುತೋ ಸಿಕ್ಕಿದ್ರೆ ನಿಮ್ಮ ಅದೃಷ್ಟ, ಆಗಿನ ನೀರು ಯಾವ ದಿಕ್ಕಿಗೆ ಹರೀತಿತ್ತು ಅಂತ ಅದೇ ಹೇಳುತ್ತೆ.

ಕುದುರೆ ಲಾಳದ ಆಕಾರ ಇದೆ ಅಂತ ಬಾಬಾಬುಡನ್‌ಗಿರಿಯನ್ನ ಜ್ವಾಲಾಮುಖಿಯ ಬಾಯಿ ಅಂತ ಹೇಳೋರು ತುಂಬಾ ಜನ. ಅದು ಸರಿಯಲ್ಲ. ಇಲ್ಲಿ ಲಾವಾ ಹರಿದಿದ್ದು ಹೌದು, ಆದ್ರೆ ಆ ಆಕಾರ ಬಂದಿದ್ದು ಪದರಗಳು ಮಡಿಚಿಕೊಂಡು, ಆಮೇಲೆ ಮೆತ್ತಗಿರೋ ಕಲ್ಲು ಸವೆದು, ಗಟ್ಟಿ ಕಲ್ಲು ಅಂಚಿನಲ್ಲಿ ಉಳ್ಕೊಂಡಿದ್ದರಿಂದ.

ಆ ಗಟ್ಟಿ ಕಲ್ಲು ಯಾವುದು ಅಂದ್ರೆ ತುದಿಯಲ್ಲಿರೋ ಪಟ್ಟೆ ಕಬ್ಬಿಣದ ಕಲ್ಲು. ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್, ಕರ್ನಾಟಕದಲ್ಲೇ ಎತ್ತರ, ಅಷ್ಟು ಎತ್ತರ ಉಳ್ಕೊಂಡಿರೋದಕ್ಕೆ ಈ ಕಲ್ಲಿನ ಗಟ್ಟಿತನ ದೊಡ್ಡ ಕಾರಣ. ರಸ್ತೆ ಬದಿ ಉದುರಿದ ಚೂರೊಂದನ್ನ ಕೈಗೆ ತಗೊಳಿ, ಗಾತ್ರಕ್ಕೆ ಮೀರಿದ ತೂಕ ಗೊತ್ತಾಗುತ್ತೆ. ಪಕ್ಕದಿಂದ ನೋಡಿದ್ರೆ ಒಂದು ಕಪ್ಪು ಗೆರೆ, ಒಂದು ಬಿಳಿ ಇಲ್ಲ ಕೆಂಪು ಗೆರೆ, ಮತ್ತೆ ಕಪ್ಪು, ಕೆಲವು ಗೆರೆ ಕೂದಲೆಳೆಯಷ್ಟು ಸಣ್ಣ, ಕೆಲವು ಬೆರಳಿನಷ್ಟು ದಪ್ಪ. ಈಗ ದಾರ ಕಟ್ಟಿದ ಆಯಸ್ಕಾಂತನ ಆ ಕಪ್ಪು ಗೆರೆ ಹತ್ತಿರ ಬಿಡಿ, ಓರೆಯಾಗಿ ಹೋಗಿ ಅಂಟಿಕೊಂಡ್ರೆ ಅದು ಮ್ಯಾಗ್ನೆಟೈಟ್, ಆಯಸ್ಕಾಂತ ಎಳೆಯೋ ಕಬ್ಬಿಣದ ಖನಿಜ. ಅಂಟದಿದ್ರೆ ಟೈಲಿನ ಹಿಂಬದಿಗೆ ಉಜ್ಜಿ, ಕೆಂಪು ಕಂದು ಗೆರೆ ಬಂದ್ರೆ ಹೆಮಟೈಟ್ ಅನ್ನೋ ಇನ್ನೊಂದು ಕಬ್ಬಿಣದ ಖನಿಜ, ಕಪ್ಪು ಗೆರೆ ಬಂದ್ರೆ ಮ್ಯಾಗ್ನೆಟೈಟ್. ನೋಡಿ ಆದ ಮೇಲೆ ಚೂರನ್ನ ಅಲ್ಲೇ ಬಿಡಿ.

ಈ ಪಟ್ಟೆ ಹೇಗೆ ಬಂತು? ಆಗಿನ ಸಮುದ್ರದ ನೀರಲ್ಲಿ ಕಬ್ಬಿಣ ಕರಗಿತ್ತು, ಆಕ್ಸಿಜನ್ ಇಲ್ಲದಿದ್ರೆ ಕಬ್ಬಿಣ ನೀರಲ್ಲಿ ಕರಗೇ ಇರುತ್ತೆ. ಸಮುದ್ರದಲ್ಲಿ ಸೂಕ್ಷ್ಮಜೀವಿಗಳು ಹುಟ್ಟಿ, ಅವುಗಳ ಕೆಲಸದಿಂದ ಕಬ್ಬಿಣ ಆಕ್ಸೈಡ್ ಆಗಿ ತಳಕ್ಕೆ ಕೂತ್ಕೊಳ್ತಾ ಬಂತು, ಮಧ್ಯೆ ಮಧ್ಯೆ ಸಿಲಿಕಾ ಕೂತಿತು, ಅಂತ ಹೆಚ್ಚಿನವರು ಒಪ್ಪೋ ವಿವರಣೆ. ಅಂದ್ರೆ ಕೆಳಗೆ ಕರ್ತಿಕೆರೆಯಲ್ಲಿ ತುಕ್ಕೇ ಹಿಡಿಯದ ಹೊಳೆ, ಮೇಲೆ ತುದಿಯಲ್ಲಿ ಕಬ್ಬಿಣದ ಆಕ್ಸೈಡ್ ಕೂತ ಸಮುದ್ರದ ತಳ, ಎರಡೂ ಒಂದೇ ಗಿರಿಯಲ್ಲಿ, ಒಂದೇ ದಿನದಲ್ಲಿ ನೋಡಬಹುದು.

ಟೈಮ್ ಇದ್ರೆ ಕೆಮ್ಮಣ್ಣುಗುಂಡಿಗೂ ಹೋಗಿ. ಭದ್ರಾವತಿ ಕಬ್ಬಿಣದ ಕಾರ್ಖಾನೆಗೆ ಅದಿರು ಹೋಗ್ತಿದ್ದಿದ್ದು ಇಲ್ಲಿಂದ, ರೋಪ್‌ವೇ ಮೇಲೆ. ಮಳೆ ಬಿಸಿಲಿಗೆ ಕಬ್ಬಿಣದ ಕಲ್ಲು ಕೊಳೆತು ಸಿಲಿಕಾ ತೊಳೆದುಹೋಗಿ ಕೆಂಪು ಮುರಕಲ್ಲು ಥರ ಆಗೋದು ಅಲ್ಲಿ ಚೆನ್ನಾಗಿ ಕಾಣುತ್ತೆ. ಗಿರಿಯ ರಸ್ತೆಗೆ ಗಾಡಿ ಬಿಡೋ ನಿಯಮ ಆಗಾಗ ಬದಲಾಗುತ್ತೆ, ಹೊರಡೋ ಮುಂಚೆ ನೋಡ್ಕೊಳಿ.

ಐದನೇ ಹಂತ: ಈಗ ಕುದುರೆಮುಖ

ಮಳೆಗಾಲ ಬೇಡ. ಜಿಗಣೆ ಕಾಟ, ಮಂಜಲ್ಲಿ ಮಾರು ದೂರ ಕಾಣಲ್ಲ, ಘಾಟಿಯಲ್ಲಿ ಗುಡ್ಡ ಕುಸಿಯೋ ಭಯ. ನವೆಂಬರಿಂದ ಜನವರಿ ಒಳ್ಳೇದು, ಮಳೆ ರಸ್ತೆ ಬದಿಯ ಕಲ್ಲನ್ನೆಲ್ಲಾ ತೊಳೆದಿರುತ್ತೆ, ಹುಲ್ಲು ಒಣಗೋಕೆ ಶುರು. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಟ್ರೆಕ್ಕಿಂಗ್ ಬಂದ್ ಮಾಡ್ತಾರೆ. ಶಿಖರಕ್ಕೆ ಹೋಗೋದಾದ್ರೆ ಅರಣ್ಯ ಇಲಾಖೆಯ ಪರ್ಮಿಷನ್ ಆನ್‌ಲೈನಲ್ಲೇ ಮುಂಚೆ ತಗೋಬೇಕು, ಗೈಡ್ ಜೊತೆಗಿರ್ತಾರೆ. ಆ ಹುಡುಗರಿಗೆ ಕಲ್ಲು ಎಲ್ಲೆಲ್ಲಿ ತೆರೆದು ಕಾಣುತ್ತೆ ಅಂತ ನಕ್ಷೆಗಿಂತ ಚೆನ್ನಾಗಿ ಗೊತ್ತು, ಹೊರಡೋವಾಗ್ಲೇ ಹೇಳಿಬಿಡಿ.

ಈ ಪಾರ್ಕ್ ಘೋಷಣೆ ಆಗಿದ್ದು 1987ರಲ್ಲಿ, ವಿಸ್ತೀರ್ಣ ಸುಮಾರು 600 ಚದರ ಕಿಲೋಮೀಟರ್, ಚಿಕ್ಕಮಗಳೂರು, ಉಡುಪಿ, ದಕ್ಷಿಣ ಕನ್ನಡ ಮೂರೂ ಜಿಲ್ಲೆಗೆ ಸೇರಿದೆ. 2012ರಲ್ಲಿ ಪಶ್ಚಿಮಘಟ್ಟ ವಿಶ್ವ ಪರಂಪರೆ ಪಟ್ಟಿಗೆ ಸೇರಿದಾಗ ಇದೂ ಸೇರಿತು. ಗಿರಿಯಲ್ಲಿ ನೀವು ನೋಡಿದ ಅದೇ ಪಟ್ಟೆ ಕಬ್ಬಿಣದ ಕಲ್ಲಿನ ಬಳಗ ಇಲ್ಲೂ ಇದೆ, ಇಲ್ಲಿ ಮ್ಯಾಗ್ನೆಟೈಟ್ ಜಾಸ್ತಿ. ಕುದುರೆಮುಖ ಕಬ್ಬಿಣದ ಅದಿರು ಕಂಪನಿ 1976ರಲ್ಲಿ ಶುರುವಾಗಿ, ಅದಿರನ್ನ ನುಣ್ಣಗೆ ಅರೆದು ನೀರಲ್ಲಿ ಕಲಸಿ 67 ಕಿಲೋಮೀಟರ್ ಪೈಪಲ್ಲಿ ಮಂಗಳೂರಿಗೆ ಕಳಿಸ್ತಿತ್ತು. ಅರೆಯೋದು ಯಾಕೆ ಬೇಕಾಯ್ತು ಅನ್ನೋದಕ್ಕೆ ಉತ್ತರ ಆ ಪಟ್ಟೆಯಲ್ಲೇ ಇದೆ: ಕಬ್ಬಿಣ ಮತ್ತು ಬೆಣಚು ಕೂದಲೆಳೆ ಕೂದಲೆಳೆಯಾಗಿ ಬೆರೆತಿರೋ ಕಡಿಮೆ ದರ್ಜೆಯ ಅದಿರು, ಪುಡಿ ಮಾಡದೆ ಎರಡನ್ನ ಬೇರೆ ಮಾಡೋಕಾಗಲ್ಲ. ಪುಡಿ ಮಾಡಿದ ಮೇಲೆ ಉಳಿದ ಹೂಳನ್ನ ತಡೆಯೋಕೆ ಲಕ್ಯಾ ಡ್ಯಾಮ್ ಕಟ್ಟಿದ್ರು. ಸುಪ್ರೀಂ ಕೋರ್ಟ್ 2002ರಲ್ಲಿ ಕೊಟ್ಟ ಆದೇಶದ ಮೇಲೆ 2005ರ ಕೊನೆಗೆ ಗಣಿ ನಿಂತಿತು. ಭದ್ರಾ ನದಿಗೆ ಹೂಳು ಸೇರೋದು ನಿಲ್ಲಬೇಕು ಅಂತ ಹೋರಾಡಿದವರ ಪರ ನಾನು, ಆದ್ರೆ ಕಲ್ಲಿನ ಕಥೆ ಕಲಿಯೋರು ಗಣಿಯ ಕಥೆ ಬಿಟ್ಟು ಮುಂದೆ ಹೋಗೋಕಾಗಲ್ಲ, ಇಲ್ಲಿ ಎರಡೂ ಒಂದೇ. ಗಣಿ ಜಾಗದೊಳಗೆ ಬಿಡಲ್ಲ, ದೂರದಿಂದ ಕಂಡಷ್ಟು ನೋಡಿ.

ಒಂದು ಎಚ್ಚರಿಕೆ. ಮ್ಯಾಗ್ನೆಟೈಟ್ ಬಂಡೆ ಪಕ್ಕ ಫೋನಿನ ದಿಕ್ಸೂಚಿ ನಂಬ್ಬೇಡಿ, ಮುಳ್ಳು ಪಕ್ಕಕ್ಕೆ ಎಳೆಯುತ್ತೆ. ನಿಂತ ಜಾಗದಲ್ಲಿ ಉತ್ತರ ನೋಡಿ, ನಿಧಾನ ಬಂಡೆ ಹತ್ತಿರ ಫೋನ್ ಒಯ್ದು ಮತ್ತೆ ನೋಡಿ, ಮುಳ್ಳು ತಿರುಗಿದ್ರೆ ಮುಟ್ಟದೇನೇ ಮ್ಯಾಗ್ನೆಟೈಟ್ ಇದೆ ಅಂತ ಗೊತ್ತಾಯ್ತು. ಪಾರ್ಕ್ ಒಳಗೆ ಮಾಡಬಹುದಾದ ಅತ್ಯುತ್ತಮ ಪರೀಕ್ಷೆ ಇದು. ದಾರಿ ಹುಡುಕೋಕೆ ಮಾತ್ರ ಜಿಪಿಎಸ್ ಇಟ್ಕೊಳಿ.

ಕಳಸದಿಂದ ಕಾರ್ಕಳದ ಕಡೆ ಹೋಗೋ ರಸ್ತೆಯಲ್ಲಿ ಪ್ರವಾಸಿಗರಿಗೆ ಬಿಡೋ ಹನುಮನಗುಂಡಿ ಫಾಲ್ಸ್ ಇದೆ. ನೀರು ಮಣ್ಣು ಪಾಚಿ ಕೂರೋಕೆ ಬಿಡದ ಕಡೆ ಕಲ್ಲು ಸ್ವಚ್ಛವಾಗಿ ಕಾಣುತ್ತೆ, ಹಾಗಾಗಿ ಯಾವ ಪಾರ್ಕಲ್ಲಾದ್ರೂ ಫಾಲ್ಸ್ ಅಂದ್ರೆ ಮೊದಲು ಬಂಡೆ ನೋಡಿ. ಪದರ ಯಾವ ಕಡೆ ವಾಲಿದೆ, ಮಡಿಕೆ ಇದೆಯಾ, ಬಿಳಿ ಬೆಣಚಿನ ಗೆರೆ ಅಡ್ಡ ಹೋಗಿದೆಯಾ. ಇಷ್ಟು ನೋಟ್ ಬುಕ್ಕಲ್ಲಿ ಗೀಚಿ, ಚಿತ್ರ ಚೆನ್ನಾಗಿ ಬರೋದು ಬೇಕಿಲ್ಲ, ಗೀಚೋವಾಗ ಕಣ್ಣು ನೋಡುತ್ತೆ, ಫೋಟೋ ತೆಗೆಯೋವಾಗ ನೋಡಲ್ಲ.

ಆಮೇಲೆ ಬೆಟ್ಟದ ಆಕಾರ. ಎತ್ತರದ ಜಾಗದಲ್ಲಿ ನಿಂತು ಪೂರ್ವಕ್ಕೆ ನೋಡಿದ್ರೆ ಗುಡ್ಡಗಳು ಮೆಲ್ಲಗೆ ಇಳಿದು ಹೋಗ್ತವೆ, ಪಶ್ಚಿಮಕ್ಕೆ ಒಮ್ಮೆಗೇ ಪ್ರಪಾತ. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮ ಪಶ್ಚಿಮ ಅಂಚಿಂದ ಸೀಳಿ ದೂರ ಹೋಯ್ತು, ಮಲ್ಪೆ ಹತ್ತಿರದ ಸೇಂಟ್ ಮೇರೀಸ್ ದ್ವೀಪದ ಕಂಬ ಕಂಬದ ಕಲ್ಲು ಆ ಸಮಯದ ಲಾವಾದ್ದೇ. ಆ ಸೀಳಿದ ಅಂಚು ಮಳೆಗೆ ಸವೆದು ಹಿಂದೆ ಸರೀತಾ ಈಗಿರೋ ಘಟ್ಟದ ಗೋಡೆ ಆಗಿದೆ. ಕಲ್ಲು ಇನ್ನೂರೆಪ್ಪತ್ತು ಕೋಟಿ ವರ್ಷದ್ದು, ಘಟ್ಟದ ಆಕಾರ ಅದರ ಮುಂದೆ ತೀರಾ ಹೊಸದು, ಈ ಎರಡನ್ನ ಬೆರೆಸ್ಬೇಡಿ. ಈ ಗೋಡೆಯಿಂದಾಗೇ ಇಲ್ಲಿನ ಗಂಗಾಮೂಲ ಅನ್ನೋ ಜಾಗದಲ್ಲಿ ಹುಟ್ಟೋ ತುಂಗಾ ಭದ್ರಾ ಅರಬ್ಬೀ ಸಮುದ್ರ ಅಷ್ಟು ಹತ್ತಿರ ಇದ್ರೂ ಬೆನ್ನು ತಿರುಗಿಸಿ ಪೂರ್ವಕ್ಕೆ ಹೋಗಿ ಬಂಗಾಳ ಕೊಲ್ಲಿ ಸೇರ್ತವೆ, ಅಲ್ಲೇ ಹುಟ್ಟೋ ನೇತ್ರಾವತಿ ಮಾತ್ರ ಪಶ್ಚಿಮಕ್ಕಿಳಿದು ಮಂಗಳೂರು ಸೇರುತ್ತೆ.

ಹುಲ್ಲು ತುದಿಯಲ್ಲಿ, ಶೋಲಾ ಕಣಿವೆಯಲ್ಲಿ ಯಾಕೆ ಅಂತನೂ ನೋಡಿ. ಗಾಳಿ, ಬೆಂಕಿ, ಚಳಿ ಎಲ್ಲಾ ಕಾರಣ ಇದೆ, ಜೊತೆಗೆ ಮಣ್ಣಿನ ಆಳ. ತುದಿಯಲ್ಲಿ ಮಣ್ಣು ತೆಳು, ಕಣಿವೆಯಲ್ಲಿ ಕೊಚ್ಚಿಬಂದ ಮಣ್ಣು ದಪ್ಪ, ನೀರೂ ಇರುತ್ತೆ.

ಕೊಟ್ಟಿಗೆಹಾರ ಚಾರ್ಮಾಡಿ ಕಡೆ ವಾಪಸ್ ಬರೋದಾದ್ರೆ 2019ರ ಆಗಸ್ಟ್ ಮಳೆಗೆ ಮೂಡಿಗೆರೆ ತಾಲೂಕಲ್ಲಿ ಕುಸಿದ ಗುಡ್ಡಗಳ ಗಾಯ ಇನ್ನೂ ಅಲ್ಲಲ್ಲಿ ಕಾಣಬಹುದು. ಬಿಸಿಲು ಮಳೆಗೆ ಕಲ್ಲು ಆಳದವರೆಗೆ ಕೊಳೆತು ಮಣ್ಣಾಗಿರುತ್ತೆ, ಕೆಳಗೆ ಗಟ್ಟಿ ಕಲ್ಲು ನೀರು ಬಿಡಲ್ಲ, ಮಧ್ಯೆ ನೀರು ನಿಂತು ಭಾರ ಆದಾಗ ಬುಡ ಕಡಿದಿದ್ರೆ ಗುಡ್ಡ ಜಾರುತ್ತೆ. ರಸ್ತೆಗೋ ಮನೆಗೋ ಗುಡ್ಡದ ಬುಡ ಕಡಿಯೋ ಮುಂಚೆ ನೋಡ್ಬೇಕಾದ್ದು ಇದನ್ನೇ.

ಕೊನೇ ಹಂತ: ಮನೆಗೆ ಬಂದ ಮೇಲೆ

ಫೋಟೋಗಳನ್ನ ಅದೇ ದಿನ ಜೋಡಿಸಿ. ಪ್ರತಿ ಕಲ್ಲಿನ ಫೋಟೋದಲ್ಲೂ ಪಕ್ಕ ಒಂದು ನಾಣ್ಯ ಇಲ್ಲ ಪೆನ್ನು ಇರಲಿ, ಇಲ್ಲದಿದ್ರೆ ಬಂಡೆಯೋ ಹರಳೋ ಗೊತ್ತಾಗಲ್ಲ. ದೂರದಿಂದ ಒಂದು, ಹತ್ತಿರದಿಂದ ಒಂದು, ಲೆನ್ಸ್ ಮೂಲಕ ಒಂದು. ಲೊಕೇಶನ್ ಆನ್ ಇದ್ರೆ ಫೋಟೋದಲ್ಲೇ ಜಾಗ ಸೇವ್ ಆಗುತ್ತೆ, ಅದನ್ನ ಭೂಕೋಶ್ ನಕ್ಷೆ ಜೊತೆ ಹೋಲಿಸಿ, ನೀವು ಲಾವಾ ಅಂದ್ಕೊಂಡಿದ್ದ ಕಡೆ ನಕ್ಷೆ ಏನ್ ಹೇಳುತ್ತೆ ನೋಡಿ. ಹೊಂದದಿದ್ರೆ ತಕ್ಷಣ ನಿಮ್ಮದು ತಪ್ಪು ಅಂತ ತೀರ್ಮಾನ ಬೇಡ, ನಕ್ಷೆಯ ಸ್ಕೇಲಿಗೆ ಸಣ್ಣ ಪದರಗಳು ಬರಲ್ಲ. ಡೌಟ್ ಇರೋದನ್ನ ಪಟ್ಟಿ ಮಾಡಿ, ಭೂವಿಜ್ಞಾನ ಪಾಠ ಮಾಡೋ ಕಾಲೇಜಿನ ಮೇಷ್ಟ್ರು ಯಾರಾದ್ರೂ ಪರಿಚಯ ಇದ್ರೆ ತೋರಿಸಿ. ಈ ಕ್ರಮ ಒಂದ್ಸಲ ಕೂತುಬಿಟ್ರೆ ಭದ್ರಾ ಅಭಯಾರಣ್ಯಕ್ಕೋ ಬಿಸಿಲೆ ಘಾಟಿಗೋ ಹೋದಾಗ್ಲೂ ಹೀಗೇ ಮಾಡಿ, ಮೊದಲು ನಕ್ಷೆ, ಆಮೇಲೆ ಹೊರಗಿನ ರಸ್ತೆ ಬದಿ, ಆಮೇಲೆ ಒಳಗೆ.